ಸಭಾಪಿತೃಗಳನ್ನು ಓದಿದವರು

1517ನೆಯ ಇಸವಿ ಜನವರಿ 13ರಂದು, ವಿಟ್ಟೆನ್‌ಬರ್ಗ್ ವಿಶ್ವವಿದ್ಯಾನಿಲಯದ ದೈವಶಾಸ್ತ್ರ ಪ್ರಾಧ್ಯಾಪಕನಾದ ಆಂಡ್ರಿಯಾಸ್ ಕಾರ್ಲ್‌ಸ್ಟಾಟನು ಲೈಪ್ಸಿಗ್ ಪಟ್ಟಣದಲ್ಲಿ ಸಂತ ಅಗಸ್ಟೀನನ ಗ್ರಂಥಗಳನ್ನು ಕೊಂಡನು. ಆ ಚಳಿಗಾಲದಲ್ಲಿ ಅವನನ್ನು ಪುಸ್ತಕದಂಗಡಿಗೆ ಎಳೆದೊಯ್ದುದು ಕೋಪ. ಹಿಂದಿನ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾನಿಲಯದ ವಾದಸಭೆಯೊಂದರಲ್ಲಿ ಅಧ್ಯಕ್ಷಪೀಠದಲ್ಲಿದ್ದ ಮಾರ್ಟಿನ್ ಲೂಥರನು, ನಿಜವಾದ ಪಶ್ಚಾತ್ತಾಪವನ್ನೂ ಹುಸಿ ಪಶ್ಚಾತ್ತಾಪವನ್ನೂ ಕುರಿತು ಅಗಸ್ಟೀನನು ಬರೆದನೆಂದು ಶತಮಾನಗಳಿಂದ ಪ್ರಮಾಣವಾಗಿ ಎತ್ತಿಕೊಳ್ಳಲಾಗುತ್ತಿದ್ದ ಪುಸ್ತಕವೊಂದು ಅಗಸ್ಟೀನನದೇ ಅಲ್ಲವೆಂದು ಹೇಳಿದ್ದನು. ಸಭೆಯಲ್ಲಿದ್ದ ವಿದ್ವಾಂಸರಿಗೆಲ್ಲ ಈ ಮಾತು ನೋವುಂಟುಮಾಡಿತು. ಕಾರ್ಲ್‌ಸ್ಟಾಟನಿಗಂತೂ ಅದು ಸಹಿಸಲಾರದ ಉದ್ಧಟತನವಾಗಿ ತೋರಿತು. 1512ರಲ್ಲಿ ಲೂಥರನಿಗೆ ಡಾಕ್ಟರ್ ಪದವಿಯನ್ನು ಪ್ರದಾನಮಾಡಿದವನು ಆತನೇ ಆಗಿದ್ದುದರಿಂದ, ಪದವಿ ಪಡೆದು ನಾಲ್ಕು ವರ್ಷ ಕಳೆದಿದ್ದ ಸಂನ್ಯಾಸಿಯೊಬ್ಬನು ತನ್ನೆದುರಿಗೇ ಹೀಗೆ ನುಡಿದುದನ್ನು ಪುಸ್ತಕ ತೆರೆದು ಖಂಡಿಸಿ ತೋರಿಸಬೇಕೆಂಬ ಹಟ ಅವನಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ. ಹೀಗೆ ಲೂಥರನನ್ನು ಸೋಲಿಸುವುದಕ್ಕೆಂದು ತಂದ ಅಗಸ್ಟೀನನನ್ನು ಆತನು ಓದತೊಡಗಿದನು. ಓದುತ್ತಾ ಓದುತ್ತಾ, ತಾನು ಅದುವರೆಗೆ ಬೋಧಿಸುತ್ತಿದ್ದ ಶಾಸ್ತ್ರವೇ ತನ್ನ ಕಣ್ಣೆದುರಿಗೆ ಕುಸಿಯುವುದನ್ನು ಕಂಡನು. ಏಪ್ರಿಲ್ 26ರಂದು, ಎಂದರೆ ಲೂಥರನ ಜಗತ್ಪ್ರಸಿದ್ಧವಾದ 95 ಸೂತ್ರಗಳಿಗೆ ಆರು ತಿಂಗಳು ಮುಂಚೆಯೇ, ಅಗಸ್ಟೀನನ ಮಾರ್ಗವನ್ನು ಸಮರ್ಥಿಸುವ 151 ಸೂತ್ರಗಳನ್ನು ಕಾರ್ಲ್‌ಸ್ಟಾಟನು ಪ್ರಕಟಿಸಿದನು.

ಮತಸುಧಾರಣೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ದೇವಾಲಯದ ಬಾಗಿಲಿಗೆ ಹೊಡೆದ ಮೊಳೆಯಿಂದ ಆರಂಭಿಸುತ್ತಾರೆ. ನನಗಾದರೋ ಈ ಪುಸ್ತಕವ್ಯಾಪಾರವೇ ಹೆಚ್ಚು ಅರ್ಥವತ್ತಾದ ಆರಂಭವೆಂದು ತೋರುತ್ತದೆ. ಬೈಬಲ್ ಒಂದೇ ಪ್ರಮಾಣವೆಂದು ಸುಧಾರಕರು ಸಾರಿದುದು ನಿಜವೇ ಆದರೂ, ಆ ಪ್ರಮಾಣವನ್ನು ಸರಿಯಾಗಿ ಅರ್ಥಮಾಡಿಕೊಂಡವರು ಯಾರೆಂಬ ಪ್ರಶ್ನೆ ಬಂದಾಗ ಅವರೂ ಅವರ ಪ್ರತಿಪಕ್ಷದವರೂ ಸಮಾನವಾಗಿ ಕೈಚಾಚಿದುದು ಕ್ರಿಸ್ತಶಕದ ಮೊದಲ ಐದಾರು ಶತಮಾನಗಳಲ್ಲಿ ಬಾಳಿದ ಆಚಾರ್ಯರ, ಎಂದರೆ ಸಭಾಪಿತೃಗಳ, ಗ್ರಂಥಗಳ ಕಡೆಗೆ. ಒಂದೂವರೆ ಶತಮಾನ ಕಾಲ ಯೂರೋಪನ್ನು ಕಲಕಿದ ಆ ವಿವಾದದ ಬಹುಭಾಗವು, ಸಾವಿರ ವರ್ಷಗಳ ಹಿಂದೆ ಸತ್ತವರು ಯಾರ ಪಕ್ಷದ ಸಾಕ್ಷಿಗಳೆಂಬುದನ್ನು ಕುರಿತದ್ದೇ ಆಗಿತ್ತು.

ಮಧ್ಯಯುಗದಲ್ಲಿ ಈ ಪಿತೃಗಳು ಮರೆತುಹೋಗಿದ್ದರೆಂದು ಭಾವಿಸಬಾರದು. ಅವರ ಹೆಸರಿಲ್ಲದೆ ಯಾವ ವಾದವೂ ನಡೆಯುತ್ತಿರಲಿಲ್ಲ. ಆದರೆ ಅವರನ್ನು ಇಡಿಯಾಗಿ ಓದುವವರು ವಿರಳವಾಗಿದ್ದರು. ಹನ್ನೆರಡನೆಯ ಶತಮಾನದಲ್ಲಿ ಪೀಟರ್ ಲಂಬಾರ್ಡನು ಸಂಕಲಿಸಿದ ವಾಕ್ಯಸಂಗ್ರಹವು ದೈವಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪಠ್ಯವಾಗಿತ್ತು. ಅದರಲ್ಲಿ ವಿಷಯಾನುಸಾರವಾಗಿ ಜೋಡಿಸಿದ ಪಿತೃವಾಕ್ಯಗಳ ಪೈಕಿ ಅತ್ಯಧಿಕ ಪಾಲು ಅಗಸ್ಟೀನನದು. ಧರ್ಮಶಾಸ್ತ್ರಕ್ಕೆ ಗ್ರಾಟಿಯನ್ನನ ಸಂಗ್ರಹವಿತ್ತು. ಒಂದು ವಾಕ್ಯವನ್ನು ಅದರ ಹಿಂದುಮುಂದಿನ ಮಾತುಗಳಿಂದ ಬಿಡಿಸಿ, ಮತ್ತೊಬ್ಬ ಪಿತೃವಿನ ವಾಕ್ಯದ ಪಕ್ಕದಲ್ಲಿಟ್ಟು, ಎರಡಕ್ಕೂ ವಿರೋಧವಿಲ್ಲವೆಂದು ತರ್ಕದಿಂದ ಸಾಧಿಸುವುದೇ ಪಾಂಡಿತ್ಯದ ಲಕ್ಷಣವೆನಿಸಿತ್ತು. ಆ ವಾಕ್ಯವನ್ನು ಬರೆದ ಮನುಷ್ಯನು ಯಾರ ಮೇಲೆ ಕೋಪಗೊಂಡು ಅದನ್ನು ಬರೆದನು, ತಾರುಣ್ಯದಲ್ಲಿ ಬರೆದನೋ ವಾರ್ಧಕ್ಯದಲ್ಲಿ ಬರೆದನೋ, ಮುಂದೆ ಅದನ್ನು ಹಿಂತೆಗೆದುಕೊಂಡನೋ ಎಂಬ ವಿಚಾರಗಳಿಗೆ ಆ ಪದ್ಧತಿಯಲ್ಲಿ ಅವಕಾಶ ಕಡಮೆ. ಅಗಸ್ಟೀನನ ಹೆಸರಿನಲ್ಲಿ ಯಾರೋ ಬರೆದ ಪುಸ್ತಕವೊಂದು ಲಂಬಾರ್ಡನಲ್ಲಿಯೂ ಗ್ರಾಟಿಯನ್ನನಲ್ಲಿಯೂ ನುಸುಳಿ ಅಷ್ಟು ದೀರ್ಘಕಾಲ ಮರ್ಯಾದೆ ಪಡೆದುದು ಇದರಿಂದಲೇ.

ಈ ಸ್ಥಿತಿಯನ್ನು ಬದಲಾಯಿಸಿದವರಲ್ಲಿ ಮೊದಲಿಗರು ಸುಧಾರಕರಲ್ಲ, ಮುದ್ರಕರು. ಅವರ ಊರು ರೈನ್ ನದಿಯ ದಡದ ಬಾಸೆಲ್. ಮೂರು ಶತಮಾನಗಳ ತರುವಾಯ, 1815ರಲ್ಲಿ, ಇದೇ ಊರಿನಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ಬಂದು, ಅಚ್ಚುಕೂಟವನ್ನು ತೆರೆದು, ನಮಗೆ ಮೊದಲ ವೃತ್ತಪತ್ರಿಕೆಯನ್ನೂ ಕಿಟ್ಟೆಲರ ನಿಘಂಟನ್ನೂ ಕೊಟ್ಟಿತೆಂಬುದನ್ನು ಕನ್ನಡಿಗರು ಬಲ್ಲರು. ಅಚ್ಚಿನ ಮೊಳೆಗಳ ಮೇಲಣ ಆ ಊರಿನ ಪ್ರೀತಿ ಬಹಳ ಹಳೆಯದು. ಅಲ್ಲಿಯ ಯೋಹಾನ್ ಅಮರ್‌ಬಾಕ್ ಎಂಬ ಮುದ್ರಕನು ಪ್ಯಾರಿಸ್ಸಿನಲ್ಲಿ ವ್ಯಾಸಂಗಮಾಡಿದ್ದವನು. ಲ್ಯಾಟಿನ್ ಸಭೆಯ ನಾಲ್ವರು ಮಹಾಚಾರ್ಯರಾದ ಆಂಬ್ರೋಸ್, ಅಗಸ್ಟೀನ್, ಜೆರೋಮ್, ಗ್ರೆಗೊರಿ ಇವರ ಕೃತಿಗಳೆಲ್ಲವನ್ನೂ ಶುದ್ಧಪಾಠದೊಡನೆ ಅಚ್ಚುಹಾಕಬೇಕೆಂಬುದು ಆತನ ಜೀವಿತಸಂಕಲ್ಪ. 1492ರಲ್ಲಿ ಆಂಬ್ರೋಸ್ ಹೊರಬಂದನು. ಅಗಸ್ಟೀನನಿಗಾಗಿ ಮಠಮಠಗಳಿಂದ ಹಸ್ತಪ್ರತಿಗಳನ್ನು ತರಿಸಬೇಕಾಯಿತು. ಪಾಠಶೋಧನೆಗೆ ನಿಂತಿದ್ದ ಅಗಸ್ಟೀನಸ್ ಡೋಡೋ ಎಂಬ ವಿದ್ವಾಂಸನು ಕೆಲಸದ ನಡುವೆಯೇ 1501ರಲ್ಲಿ ತೀರಿಕೊಂಡನು. ಕಡೆಗೆ 1506ರಲ್ಲಿ ಹನ್ನೊಂದು ಭಾಗಗಳಲ್ಲಿ ಗ್ರಂಥಾವಳಿ ಮುಗಿಯಿತು. ಜೆರೋಮನಿಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರೂ ಬೇಕೆಂದು, ಆ ಒಂದು ಪುಸ್ತಕದ ಸಲುವಾಗಿಯೇ ಎಂಬಂತೆ ತನ್ನ ಮಕ್ಕಳಿಗೆ ಆ ಭಾಷೆಗಳನ್ನು ಕಲಿಸಿದ ಅಮರ್‌ಬಾಕನು, ಅದು ಅಚ್ಚಾಗುವುದನ್ನು ಕಾಣದೆ 1513ರಲ್ಲಿ ಕಣ್ಣುಮುಚ್ಚಿದನು.

ಅವನ ಅಚ್ಚುಕೂಟವನ್ನು ಮುಂದುವರಿಸಿದ ಯೋಹಾನ್ ಫ್ರೋಬೆನನ ಬಳಿಗೆ ಮಹಾವಿದ್ವಾಂಸನಾದ ಎರಾಸ್ಮಸನು ಬಂದುದು ಯೂರೋಪಿನ ವಿದ್ಯೆಯ ಇತಿಹಾಸದಲ್ಲಿ ಶುಭಯೋಗವೆನ್ನಬೇಕು. 1516ರಲ್ಲಿ ಒಂಬತ್ತು ಸಂಪುಟಗಳಲ್ಲಿ ಹೊರಬಂದ ಜೆರೋಮನ ಗ್ರಂಥಾವಳಿಯಲ್ಲಿ ಪತ್ರಗಳಿರುವ ಮೊದಲ ನಾಲ್ಕು ಸಂಪುಟಗಳು ಎರಾಸ್ಮಸನ ಪರಿಶ್ರಮದ ಫಲ. ನಿಜವಾದ ಕೃತಿಗಳಿಂದ ಹುಸಿಕೃತಿಗಳನ್ನು ಬೇರ್ಪಡಿಸಿ, ಜೆರೋಮನ ಜೀವನಚರಿತ್ರೆಯನ್ನು ಪವಾಡಕಥೆಗಳಿಂದ ಬರೆಯದೆ ಆತನ ಪತ್ರಗಳಿಂದಲೇ ಬರೆದು, ಸಂತನನ್ನು ಮನುಷ್ಯನನ್ನಾಗಿ ತೋರಿಸಿದನು. ಅಲ್ಲಿಂದ ಮುಂದೆ ಎರಾಸ್ಮಸನ ಬಾಳು ಪಿತೃಗಳೊಡನೆಯೇ ಕಳೆಯಿತೆನ್ನಬಹುದು: 1520ರಲ್ಲಿ ಸಿಪ್ರಿಯನ್, 1523ರಲ್ಲಿ ಹಿಲರಿ, ಅದುವರೆಗೆ ಎಂದೂ ಅಚ್ಚಾಗಿರದಿದ್ದ ಐರೇನಿಯಸ್ 1526ರಲ್ಲಿ, ಮರುವರ್ಷ ಆಂಬ್ರೋಸ್, 1529ರ ವೇಳೆಗೆ ಹತ್ತು ಸಂಪುಟಗಳ ಅಗಸ್ಟೀನ್, ಬಳಿಕ ಕ್ರಿಸಾಸ್ಟಮ್ ಮತ್ತು ಬಾಸಿಲ್, ಆತನು ಕಾಲವಾದ 1536ರಲ್ಲಿ ಆರಿಜೆನ್. ಮಠದ ಭಂಡಾರದಲ್ಲಿ ಸರಪಳಿಗೆ ಕಟ್ಟಿಕೊಂಡು ಒಬ್ಬಿಬ್ಬರಿಗೆ ಮಾತ್ರ ದೊರೆಯುತ್ತಿದ್ದ ಪುಸ್ತಕಗಳು ಹಣವಿದ್ದವನಿಗೆಲ್ಲ ಸಂತೆಯಲ್ಲಿ ಸಿಗುವಂತಾದುವು.

ವಿಟ್ಟೆನ್‌ಬರ್ಗಿನಲ್ಲಿ ಅಮರ್‌ಬಾಕನ ಅಗಸ್ಟೀನನನ್ನು ಓದುತ್ತಿದ್ದ ಲೂಥರನು 1515ರ ಸುಮಾರಿಗೆ ಅದರ ಎಂಟನೆಯ ಭಾಗಕ್ಕೆ ಬಂದನು. ಮನುಷ್ಯನು ತನ್ನ ಪ್ರಯತ್ನದಿಂದಲೇ ನೀತಿವಂತನಾಗಬಲ್ಲನೆಂದು ಬೋಧಿಸಿದ ಪೆಲೇಜಿಯಸನ ವಿರುದ್ಧ ವೃದ್ಧನಾದ ಅಗಸ್ಟೀನನು ಬರೆದ ಕೃತಿಗಳು ಅದರಲ್ಲಿದ್ದುವು. ಆತ್ಮವನ್ನೂ ಅಕ್ಷರವನ್ನೂ ಕುರಿತ ಗ್ರಂಥವನ್ನು ಓದಿದಾಗ, ದೇವರ ನೀತಿಯೆಂದರೆ ದೇವರು ನಮ್ಮನ್ನು ಶಿಕ್ಷಿಸುವ ನೀತಿಯಲ್ಲ, ನಮಗೆ ಉಡಿಸುವ ನೀತಿಯೆಂದು ತಾನು ಕಂಡುಕೊಂಡ ಅರ್ಥವೇ ಅಲ್ಲಿಯೂ ಇರುವುದನ್ನು ಕಂಡು ಬೆರಗಾದುದಾಗಿ ಲೂಥರನು 1545ರಲ್ಲಿ ಸ್ಮರಿಸಿಕೊಂಡಿದ್ದಾನೆ; ಅಗಸ್ಟೀನನು ಎಲ್ಲವನ್ನೂ ಪೂರ್ಣವಾಗಿ ವಿವರಿಸಿಲ್ಲವೆಂಬ ಆಕ್ಷೇಪವನ್ನೂ ಜೊತೆಗೇ ಸೇರಿಸಿದ್ದಾನೆ. ಎರಾಸ್ಮಸನ ಬಗೆಗೆ ಆತನಿಗಿದ್ದ ಅಸಮಾಧಾನ ಮೊದಲು ವ್ಯಕ್ತವಾದುದೂ ಪಿತೃಗಳ ವಿಷಯದಲ್ಲಿಯೇ. ಪೌಲನನ್ನು ಅರ್ಥಮಾಡಿಕೊಳ್ಳುವುದಕ್ಕೆ ಎರಾಸ್ಮಸನು ಜೆರೋಮನನ್ನು ನೆಚ್ಚುತ್ತಾನೆ, ನಾನು ಅಗಸ್ಟೀನನನ್ನು ನೆಚ್ಚುತ್ತೇನೆ ಎಂಬರ್ಥದ ಪತ್ರವನ್ನು 1516ರ ಅಕ್ಟೋಬರಿನಲ್ಲಿ ಆತನು ಗೆಳೆಯನಾದ ಸ್ಪಾಲಟಿನ್ನನಿಗೆ ಬರೆದನು. ಸ್ವತಂತ್ರೇಚ್ಛೆಯನ್ನು ಕುರಿತು ಎಂಟು ವರ್ಷಗಳ ಮೇಲೆ ಇಬ್ಬರ ನಡುವೆ ಸಿಡಿಯಲಿದ್ದ ಕಲಹದ ಬೀಜ ಈ ಪತ್ರದಲ್ಲಿಯೇ ಇದೆ.

1519ರ ಜೂನ್ ತಿಂಗಳಲ್ಲಿ ಲೈಪ್ಸಿಗ್ಗಿನಲ್ಲಿ ಏರ್ಪಟ್ಟ ಮಹಾವಾದವು ಹಳೆಯ ಓದಿಗೂ ಹೊಸ ಓದಿಗೂ ಇದ್ದ ಅಂತರವನ್ನು ನಾಟಕದಂತೆ ತೋರಿಸಿಕೊಟ್ಟಿತು. ಕಾರ್ಲ್‌ಸ್ಟಾಟನು ಗಾಡಿಯ ತುಂಬ ಪುಸ್ತಕಗಳನ್ನು ಹೇರಿಕೊಂಡು ಬಂದನು. ಪಟ್ಟಣವನ್ನು ಪ್ರವೇಶಿಸುವಷ್ಟರಲ್ಲಿ ಚಕ್ರ ಮುರಿದು ಪ್ರಾಧ್ಯಾಪಕನು ಕೆಸರಿಗೆ ಉರುಳಿದುದನ್ನು ನೋಡಿ ಜನ ನಕ್ಕರಂತೆ. ಪ್ರತಿವಾದಿಯಾದ ಇಂಗೊಲ್‌ಸ್ಟಾಟಿನ ಯೋಹಾನ್ ಏಕನು ಪುಸ್ತಕಗಳನ್ನು ತಲೆಯಲ್ಲಿಟ್ಟುಕೊಂಡು ಬಂದವನು. ದೊಡ್ಡ ದನಿ, ಅದ್ಭುತವಾದ ಧಾರಣಶಕ್ತಿ. ಯಾವ ವಿಷಯವೆತ್ತಿದರೂ ಹತ್ತು ಪಿತೃವಾಕ್ಯಗಳನ್ನು ನಿಂತಲ್ಲೇ ಉದುರಿಸಬಲ್ಲ. ಕಾರ್ಲ್‌ಸ್ಟಾಟನಾದರೋ ಕುಳ್ಳು ಆಳು, ಕ್ಷೀಣ ಸ್ವರ, ಮಂದ ಸ್ಮರಣೆ. ಏಕನು ಒಂದು ವಾಕ್ಯವನ್ನು ಹೇಳಿದೊಡನೆ ಪುಸ್ತಕವನ್ನು ಬಿಚ್ಚಿ ಆ ಸ್ಥಳವನ್ನು ಹುಡುಕಿ, ಹಿಂದುಮುಂದಿನ ಮಾತುಗಳೊಡನೆ ಓದಿ ಹೇಳುವನು. ಸಭಿಕರಿಗೆ ಬೇಸರ ಬಂದಿತು, ಏಕನು ಆಕ್ಷೇಪಿಸಿದನು, ವಾದಿಗಳು ಪುಸ್ತಕ ನೋಡಿ ಓದಕೂಡದೆಂದು ಕಟ್ಟಳೆಯಾಯಿತು. ಅಂದು ಸೋತವನು ಕಾರ್ಲ್‌ಸ್ಟಾಟನೆಂದು ನೋಡಿದವರೆಲ್ಲ ಹೇಳಿದರು. ಆದರೆ ಮುಂದಿನ ಕಾಲದ ಪಾಂಡಿತ್ಯವೆಲ್ಲವೂ ಆ ಕುಳ್ಳನ ಕಡೆಗಿತ್ತು, ಏಕನ ಕಡೆಗಲ್ಲ.

ಜುಲೈ 4ರಿಂದ ಲೂಥರನ ಸರದಿ. ಪೋಪರ ಅಧಿಕಾರವು ಕ್ರಿಸ್ತನಿಂದಲೇ ಸ್ಥಾಪಿತವಾದುದೆಂದು ಸಾಧಿಸುವುದಕ್ಕಾಗಿ ಏಕನು ಮೊದಲ ಶತಮಾನಗಳ ಪೋಪರ ಹೆಸರಿನಲ್ಲಿದ್ದ ಆಜ್ಞಾಪತ್ರಗಳನ್ನು ತಂದನು. ಪ್ರಾಣಾರ್ಪಣೆ ಮಾಡಿದ ಆ ಪುಣ್ಯಪುರುಷರು ಇಂಥ ಪತ್ರಗಳನ್ನು ಬರೆದರೆಂದು ತಾನು ನಂಬಲಾರೆನೆಂದು ಲೂಥರನು ತಳ್ಳಿಹಾಕಿದನು. ಅವು ಒಂಬತ್ತನೆಯ ಶತಮಾನದ ಕೂಟಸೃಷ್ಟಿಗಳೆಂಬುದು ಇಂದು ಸರ್ವಸಮ್ಮತ. ಗ್ರೀಕ್ ಸಭೆಯ ಬಾಸಿಲ್, ಗ್ರೆಗೊರಿ ಮೊದಲಾದ ಮಹಾತ್ಮರು ರೋಮಿನ ಅಧೀನರಾಗಿರಲಿಲ್ಲವಲ್ಲ, ಅವರೆಲ್ಲ ನರಕಕ್ಕೆ ಹೋದರೆ, ಎಂಬ ಅವನ ಪ್ರಶ್ನೆಗೆ ಏಕನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಆದರೆ ಏಕನು ಚತುರ. ಇದು ಯಾನ್ ಹುಸ್ಸನ ವಾದವೆಂದು ಚುಚ್ಚಿದನು. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯು ಸುಟ್ಟುಹಾಕಿದ ಹುಸ್ಸನ ಹೆಸರು, ವಾದವನ್ನು ಕೇಳುತ್ತ ಕುಳಿತಿದ್ದ ಸ್ಯಾಕ್ಸನಿಯ ಡ್ಯೂಕನ ಎದುರಿಗೆ ಬರುವುದೆಂದರೆ ಸಾಮಾನ್ಯವಲ್ಲ. ಲೂಥರನು ಮೊದಲು ಅಲ್ಲಗಳೆದನು. ಮಧ್ಯಾಹ್ನದ ಬಿಡುವಿನಲ್ಲಿ ಆ ಮಹಾಸಭೆಯ ನಡಾವಳಿಯನ್ನು ಓದಿ ಬಂದು, ಹುಸ್ಸನ ಖಂಡನೆಗೊಳಗಾದ ವಾಕ್ಯಗಳಲ್ಲಿ ಕೆಲವು ಅಪ್ಪಟ ಕ್ರೈಸ್ತ ವಾಕ್ಯಗಳೆಂದೂ, ಸಭೆಯೆಂದರೆ ದೇವರು ಆರಿಸಿಕೊಂಡವರ ಸಮಷ್ಟಿಯೆಂಬ ಮಾತು ಅಗಸ್ಟೀನನಿಂದಲೇ ತೆಗೆದುದೆಂದೂ ಘೋಷಿಸಿದನು. ಮಹಾಸಭೆಯೊಂದು ಹುಸ್ಸನನ್ನು ಸುಡುವ ಭರದಲ್ಲಿ ಅಗಸ್ಟೀನನನ್ನೂ ಖಂಡಿಸಿಬಿಟ್ಟಿತ್ತೆಂಬುದು ಇದರ ತಾತ್ಪರ್ಯ. 1520ರ ಫೆಬ್ರವರಿಯಲ್ಲಿ ಹುಸ್ಸನ ಗ್ರಂಥವನ್ನು ಇಡಿಯಾಗಿ ಓದಿದ ಮೇಲೆ, ತಾವೆಲ್ಲರೂ ತಮಗರಿವಿಲ್ಲದೆಯೇ ಹುಸ್ಸನ ಅನುಯಾಯಿಗಳು, ಪೌಲನೂ ಅಗಸ್ಟೀನನೂ ಸಹ ಹಾಗೆಯೇ, ಎಂದು ಆತನು ಗೆಳೆಯನಿಗೆ ಬರೆದನು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಪೋಪರಿಗೆ ಪಶ್ಚಿಮ ಸಾಮ್ರಾಜ್ಯವನ್ನೇ ದಾನಕೊಟ್ಟನೆಂಬ ಶಾಸನವು ಸುಳ್ಳೆಂದು 1440ರಲ್ಲಿಯೇ ತೋರಿಸಿದ್ದ ಲೊರೆಂಜೊ ವಾಲಾನ ಪುಸ್ತಕವು ಅವನ ಕೈಸೇರಿದುದೂ ಅದೇ ತಿಂಗಳಿನಲ್ಲಿ. ಆ ಎರಡು ಪುಸ್ತಕಗಳನ್ನು ಮುಗಿಸಿದವನು ಮತ್ತೆ ರೋಮಿನೊಡನೆ ರಾಜಿಯಾಗುವುದು ಅಸಂಭವವಾಗಿತ್ತು.

ಇಷ್ಟರವರೆಗೆ ಇಡಿಯ ಗ್ರಂಥದ ಓದು ಸುಧಾರಕರಿಗೆ ಅನುಕೂಲವಾಗಿಯೇ ಬಂದಿತು. ಅದೇ ಓದು ಅವರನ್ನೇ ಒಡೆಯಿತೆಂಬುದು 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗಿನ ಕೋಟೆಯಲ್ಲಿ ಬಯಲಾಯಿತು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಶರೀರವು ನಿಜವಾಗಿ ಇದೆಯೆಂದು ಲೂಥರನೂ, ಅದು ಶರೀರದ ಸಂಕೇತವೆಂದು ಜೂರಿಕ್ಕಿನ ಜ್ವಿಂಗ್ಲಿಯೂ ಹಿಡಿದ ಹಟವನ್ನು ಸಡಿಲಿಸುವುದಕ್ಕೆಂದು ಹೆಸ್ಸೆಯ ಪ್ರಭು ಫಿಲಿಪ್ಪನು ಇಬ್ಬರನ್ನೂ ಕರೆಸಿದ್ದನು. ಲೂಥರನು ಕ್ರಿಸ್ತನ ವಾಕ್ಯವನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡು ಅದರಿಂದ ಕದಲಲಿಲ್ಲ. ಜ್ವಿಂಗ್ಲಿಯ ಜೊತೆಗಾರನಾಗಿ ಬಂದಿದ್ದ ಬಾಸೆಲಿನ ಈಕೊಲಂಪೇಡಿಯಸನು ಕ್ರಿಸಾಸ್ಟಮನನ್ನೂ ಅಲೆಕ್ಸಾಂಡ್ರಿಯದ ಸಿರಿಲನನ್ನೂ ಗ್ರೀಕಿನಿಂದ ಲ್ಯಾಟಿನಿಗೆ ಅನುವಾದಿಸಿದ್ದವನು; ಪಿತೃಗಳ ಪರಿಚಯದಲ್ಲಿ ಅಲ್ಲಿ ಸೇರಿದ್ದವರಲ್ಲಿ ಅವನಿಗೆ ಎಣೆಯಿರಲಿಲ್ಲ. ಆತನು ಅಗಸ್ಟೀನನ ವಾಕ್ಯಗಳನ್ನು ಒಂದೊಂದಾಗಿ ಮುಂದಿಟ್ಟಾಗ ಲೂಥರನು, ಅಗಸ್ಟೀನನೂ ಫುಲ್ಜೆಂಶಿಯಸನೂ ನಿಮ್ಮ ಕಡೆಯವರೆಂದು ಬೇಕಾದರೆ ಒಪ್ಪುತ್ತೇನೆ, ಉಳಿದವರೆಲ್ಲ ನಮ್ಮವರು, ಎಂದು ಬಿಟ್ಟನು. ಯಾವ ಅಗಸ್ಟೀನನು ಹದಿನಾಲ್ಕು ವರ್ಷಗಳ ಹಿಂದೆ ಅವನಿಗೆ ಬಾಗಿಲು ತೆರೆದಿದ್ದನೋ ಅವನನ್ನೇ ಎದುರಾಳಿಯ ಪಾಳೆಯಕ್ಕೆ ಬಿಟ್ಟುಕೊಡುವಾಗ ಲೂಥರನ ಮನಸ್ಸು ಹೇಗಿದ್ದಿತೋ! ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಮ್ಮತ ದೊರೆಯಿತು. ಹದಿನೈದನೆಯದು ಪ್ರಾಟೆಸ್ಟೆಂಟರನ್ನು ಶಾಶ್ವತವಾಗಿ ಎರಡಾಗಿಸಿತು. ಮರುವರ್ಷ ಲೂಥರನ ಸಹೋದ್ಯೋಗಿಯಾದ ಮೆಲಾಂಖ್‌ಟನ್ನನು ಲೂಥರನ ಪಕ್ಷಕ್ಕೆ ಬೇಕಾದ ಪಿತೃವಾಕ್ಯಗಳನ್ನು ಆರಿಸಿ ಒಂದು ಪುಸ್ತಕವನ್ನಾಗಿ ಅಚ್ಚುಹಾಕಿಸಿದನು. ಈಕೊಲಂಪೇಡಿಯಸನು ಸಂವಾದರೂಪದ ಉತ್ತರವನ್ನು ಬರೆದನು. ಇದಕ್ಕೆ ಮೊದಲೇ, 1527ರಲ್ಲಿ, ಹರ್ಮನಸ್ ಬೋಡಿಯಸ್ ಎಂಬ ಹೆಸರಿನಲ್ಲಿ ಹೊರಬಂದಿದ್ದ ಪಿತೃವಾಕ್ಯಗಳ ಕೈಪಿಡಿಯು ಸುಧಾರಕರಲ್ಲಿ ಬಹಳ ಪ್ರಚಾರಕ್ಕೆ ಬಂದಿತ್ತು. ಲಂಬಾರ್ಡನ ವಾಕ್ಯಸಂಗ್ರಹದಿಂದ ಬಿಡಿಸಿಕೊಂಡು ಹೊರಟವರು ಹದಿನೈದು ವರ್ಷ ತುಂಬುವುದರೊಳಗೆ ತಮ್ಮದೇ ವಾಕ್ಯಸಂಗ್ರಹಗಳನ್ನು ಕಟ್ಟಿಕೊಂಡರು. ಯುದ್ಧಕ್ಕೆ ನಿಂತವನಿಗೆ ಇಡಿಯ ಪುಸ್ತಕಕ್ಕಿಂತ ಹರಿತವಾದ ಒಂದು ವಾಕ್ಯ ಹೆಚ್ಚು ಉಪಯುಕ್ತವಲ್ಲವೆ?

ಎರಡು ಬಗೆಯ ಓದನ್ನೂ ಒಬ್ಬನೇ ಮನುಷ್ಯನಲ್ಲಿ ಕಾಣಬೇಕಾದರೆ ಫ್ರಾನ್ಸಿನ ಸುಧಾರಕನಾದ ಕಾಲ್ವಿನನ ಬಳಿಗೆ ಹೋಗಬೇಕು. 1536ರ ಮಾರ್ಚಿಯಲ್ಲಿ, ಬಾಸೆಲಿನಲ್ಲಿಯೇ, ಅವನ ಮಹಾಗ್ರಂಥದ ಮೊದಲ ಆವೃತ್ತಿ ಅಚ್ಚಾಯಿತು. ಅದಕ್ಕೆ ಮುನ್ನುಡಿಯಾಗಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನಿಗೆ ಬರೆದ ಪತ್ರದಲ್ಲಿ, ಪಿತೃಗಳು ಹಾಕಿದ ಎಲ್ಲೆಯನ್ನು ನಾವು ದಾಟಿದೆವೆಂದು ದೂರುವವರು ತಾವೇ ಎಷ್ಟು ಎಲ್ಲೆಗಳನ್ನು ದಾಟಿದ್ದಾರೆಂದು ಆತನು ಒಂದೊಂದಾಗಿ ತೋರಿಸುತ್ತಾನೆ: ದೇವಪೂಜೆಗೆ ಚಿನ್ನ ಬೇಕಾಗಿಲ್ಲವೆಂದವನೊಬ್ಬ ಪಿತೃ, ದೇವಾಲಯದಲ್ಲಿ ಕ್ರಿಸ್ತನ ಚಿತ್ರವಿರುವುದೇ ಅಸಹ್ಯವೆಂದವನೊಬ್ಬ, ಸಂನ್ಯಾಸಿಗಳು ದುಡಿದು ಉಣ್ಣಬೇಕೆಂದವನು ಮತ್ತೊಬ್ಬ. ಹೆಸರುಗಳನ್ನು ಹೇಳದೆ, ಓದಿದವರಿಗೆ ಗೊತ್ತಾಗುತ್ತದೆಂಬ ಭರವಸೆಯಿಂದ ಬರೆದ ಆ ಭಾಗದಲ್ಲಿ ವಕೀಲನ ಚಾತುರ್ಯವಿದೆ. ಆತನು ನ್ಯಾಯಶಾಸ್ತ್ರವನ್ನೇ ಅಭ್ಯಾಸಮಾಡಿದ್ದನಷ್ಟೆ. ಅದೇ ವರ್ಷ ಅಕ್ಟೋಬರಿನಲ್ಲಿ ಬರ್ನ್ ನಗರದವರು ತಾವು ಹೊಸದಾಗಿ ಗೆದ್ದಿದ್ದ ಲೋಸಾನಿನ ಪ್ರಧಾನ ದೇವಾಲಯದಲ್ಲಿ ವಾದಸಭೆಯನ್ನು ಕರೆದರು. ಸುಧಾರಕರ ಪರವಾಗಿ ಮಾತನಾಡಬೇಕಾಗಿದ್ದವರು ಫರೆಲ್ ಮತ್ತು ವಿರೇ. 27 ವರ್ಷದ ಕಾಲ್ವಿನನು ಮೊದಲ ನಾಲ್ಕು ದಿನ ಸುಮ್ಮನೆ ಕುಳಿತಿದ್ದನು. ಐದನೆಯ ದಿನ ಪ್ರತಿಪಕ್ಷದ ವಕ್ತಾರನೊಬ್ಬನು, ಪ್ರಭುಭೋಜನದ ವಿಷಯದಲ್ಲಿ ತಮ್ಮ ವಿರುದ್ಧ ಸಾಕ್ಷ್ಯ ಹೇಳುವರೆಂಬ ಭಯದಿಂದಲೇ ಇವರು ಪಿತೃಗಳನ್ನು ತಿರಸ್ಕರಿಸುತ್ತಾರೆಂದು ಬರೆದುಕೊಂಡು ಬಂದಿದ್ದ ಭಾಷಣವನ್ನು ಓದಿದನು. ಆಗ ಕಾಲ್ವಿನನು ಎದ್ದನು. ಕೈಯಲ್ಲಿ ಪುಸ್ತಕವಿಲ್ಲ, ಟಿಪ್ಪಣಿಯಿಲ್ಲ. ಟರ್ಟುಲಿಯನ್ನನು ಎಲ್ಲಿ ಏನು ಹೇಳಿದ್ದಾನೆ, ಕ್ರಿಸಾಸ್ಟಮನ ಹೆಸರಿನ ಯಾವ ಪ್ರವಚನದಲ್ಲಿ ಏನಿದೆ, ಅಗಸ್ಟೀನನ ಇಷ್ಟನೆಯ ಪತ್ರದ ಕೊನೆಯ ಭಾಗವನ್ನು ನೋಡಿ, ಎಂದು ಸ್ಥಳನಿರ್ದೇಶ ಸಹಿತವಾಗಿ ನೆನಪಿನಿಂದಲೇ ಹೇಳುತ್ತಾ ಹೋದನು. ಪಿತೃಗಳ ಹೆಸರನ್ನು ಬಳಸಿಕೊಳ್ಳುವ ನೀವು ಅವರ ಪುಸ್ತಕಗಳ ಹೊದಿಕೆಯನ್ನಾದರೂ ಸರಿಯಾಗಿ ನೋಡಿದ್ದೀರಾ ಎಂಬ ಧಾಟಿ. ಏಕನ ಧಾರಣಶಕ್ತಿಯೂ ಕಾರ್ಲ್‌ಸ್ಟಾಟನ ಪುಸ್ತಕನಿಷ್ಠೆಯೂ ಒಬ್ಬನಲ್ಲಿಯೇ ಸೇರಿದ್ದುವು.

ವಾದದ ಹೊರಗೆ ಆತನು ಓದುತ್ತಿದ್ದ ರೀತಿ ಬೇರೆ. ಪ್ಯಾರಿಸ್ಸಿನಲ್ಲಿ 1536ರಲ್ಲಿ ಅಚ್ಚಾದ ಕ್ರಿಸಾಸ್ಟಮನ ಲ್ಯಾಟಿನ್ ಸಂಪುಟಗಳಲ್ಲಿ ಆತನು ಎಳೆದ ಗೆರೆಗಳನ್ನು ಇಂದಿಗೂ ಜಿನೀವಾದ ಗ್ರಂಥಭಂಡಾರದಲ್ಲಿ ನೋಡಬಹುದು. ಕೃಪೆಯ ವಿಷಯದಲ್ಲಿ ಕ್ರಿಸಾಸ್ಟಮನು ತನಗೆ ಒಪ್ಪಿಗೆಯಾಗದವನೆಂದು ತಿಳಿದೂ, ಸಾಮಾನ್ಯ ಜನರಿಗೆ ಬೈಬಲನ್ನು ನೇರವಾಗಿ, ತಿಳಿಯಾಗಿ ಬಿಡಿಸಿ ಹೇಳುವುದರಲ್ಲಿ ಅವನಿಗೆ ಸಮಾನರಿಲ್ಲವೆಂದು, ಅವನ ಪ್ರವಚನಗಳನ್ನು ಫ್ರೆಂಚಿಗೆ ತರಬೇಕೆಂದು ಕಾಲ್ವಿನನು ಯೋಚಿಸಿದ್ದನು. ಮುನ್ನುಡಿಯೊಂದು ಮಾತ್ರ ಉಳಿದಿದೆ, ಅನುವಾದ ಮುಗಿಯಲಿಲ್ಲ. ತನ್ನ ಪಕ್ಷಕ್ಕೆ ಸೇರದವನಿಂದಲೂ ಕಲಿಯುವ ಆ ಮುನ್ನುಡಿಯ ಸೌಜನ್ಯವು ಮುಂದೆ ಎಲ್ಲ ಕಾಲದಲ್ಲಿಯೂ ಕಾಲ್ವಿನನ ಬಳಿ ಉಳಿಯಿತೆನ್ನುವಂತಿಲ್ಲ. ನೈಸಿಯಾ ಮಹಾಸಭೆಗೆ ಹಿಂದಿನವರಾದ ಟರ್ಟುಲಿಯನ್ ಮತ್ತು ಐರೇನಿಯಸ್ ಇವರನ್ನು ಓದಿ, ತ್ರಿತ್ವಸಿದ್ಧಾಂತವು ಮೂಲಸಭೆಯದಲ್ಲವೆಂದು ತೀರ್ಮಾನಿಸಿದ್ದ ಮೈಕೇಲ್ ಸರ್ವೀಟಸನು ಜಿನೀವಾದಲ್ಲಿ ಸಿಕ್ಕಿಬಿದ್ದಾಗ, ಅದೇ ಟರ್ಟುಲಿಯನ್ನನ ಅದೇ ಐರೇನಿಯಸನ ವಾಕ್ಯಗಳ ಅರ್ಥವನ್ನು ಕುರಿತು ಕಾಲ್ವಿನನು ಅವನೊಡನೆ ವಾಗ್ವಾದ ನಡೆಸಿದನು. 1553ರ ಅಕ್ಟೋಬರ್ 27ರಂದು ಸರ್ವೀಟಸನನ್ನು ಜೀವಂತವಾಗಿ ಸುಟ್ಟರು.

ಇತ್ತ ರೋಮಿನ ಪಕ್ಷದವರು ಕೈಕಟ್ಟಿ ಕುಳಿತಿರಲಿಲ್ಲ. 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆಯು, ಪಿತೃಗಳ ಏಕಾಭಿಪ್ರಾಯಕ್ಕೆ ವಿರುದ್ಧವಾಗಿ ಯಾರೂ ಬೈಬಲಿಗೆ ಅರ್ಥಹೇಳಕೂಡದೆಂದು ವಿಧಿಸಿತು. ಪಿತೃಗಳಲ್ಲಿ ಏಕಾಭಿಪ್ರಾಯವೇ ಇರಲಿಲ್ಲವೆಂದು ಏಳು ವರ್ಷ ಮುಂಚೆಯೇ, ಮಹಾಸಭೆಗಳನ್ನೂ ಸಭೆಗಳನ್ನೂ ಕುರಿತ 1539ರ ಗ್ರಂಥದಲ್ಲಿ, ಲೂಥರನು ಉದಾಹರಣೆಗಳೊಡನೆ ತೋರಿಸಿದ್ದನು. ಇಂಗ್ಲೆಂಡಿನಲ್ಲಿ ಸುಧಾರಕರ ಪಕ್ಷದ ಜಾನ್ ಜೂಯೆಲನು 1559ರ ನವೆಂಬರಿನಲ್ಲಿ ಲಂಡನ್ನಿನ ಸಂತ ಪೌಲನ ಶಿಲುಬೆಯ ಬಳಿ ನಿಂತು, ಕ್ರಿಸ್ತನ ತರುವಾಯದ ಆರುನೂರು ವರ್ಷಗಳೊಳಗಿನ ಯಾವನೇ ಆಚಾರ್ಯನ ಒಂದೇ ಒಂದು ಸ್ಪಷ್ಟವಾಕ್ಯವನ್ನು ತನ್ನ ವಿರುದ್ಧ ತೋರಿಸಿದರೆ ಸೋಲೊಪ್ಪುವೆನೆಂದು ಸವಾಲು ಹಾಕಿದನು. ವಾದಾಂಶಗಳು ಬೆಳೆದು 27ಕ್ಕೆ ಮುಟ್ಟಿದುವು. ರೋಮಿನ ಪರವಾಗಿ, ಲೂವೆನ್ನಿನಲ್ಲಿ ನೆಲೆಸಿದ್ದ ಥಾಮಸ್ ಹಾರ್ಡಿಂಗನು ಉತ್ತರ ಬರೆದನು. ಉತ್ತರಕ್ಕೆ ಪ್ರತ್ಯುತ್ತರ, ಅದಕ್ಕೆ ಮತ್ತೊಂದು, ಹೀಗೆ ಆ ದಪ್ಪ ಸಂಪುಟಗಳನ್ನು ಇಂದು ಯಾರೂ ಓದುವುದಿಲ್ಲ, ಓದದಿದ್ದರೆ ನಷ್ಟವೂ ಇಲ್ಲ. ಅದಕ್ಕಿಂತ ಘನವಾದ ಕಾರ್ಯ ಲೂಥರನ ಪಕ್ಷದ ಮಾಟಿಯಾಸ್ ಫ್ಲಾಕಿಯಸನ ಗುಂಪಿನದು. ಕ್ರಿಸ್ತಸಭೆಯ ಚರಿತ್ರೆಯನ್ನು ಶತಮಾನಕ್ಕೊಂದು ಸಂಪುಟದಂತೆ ಹದಿಮೂರು ಸಂಪುಟಗಳಲ್ಲಿ, 1559ರಿಂದ 1574ರವರೆಗೆ, ಮತ್ತೆ ಬಾಸೆಲಿನಲ್ಲಿಯೇ, ಅವರು ಅಚ್ಚುಹಾಕಿಸಿದರು. ಏಕನು ಲೈಪ್ಸಿಗ್ಗಿನಲ್ಲಿ ನೆಚ್ಚಿದ್ದ ಆಜ್ಞಾಪತ್ರಗಳ ಸುಳ್ಳು ಇದರಲ್ಲಿ ಸಾಧಾರವಾಗಿ ಬಯಲಾಯಿತು. ಹಸ್ತಪ್ರತಿಗಳ ಹುಡುಕಾಟದಲ್ಲಿ ಫ್ಲಾಕಿಯಸನು ಮಠಗಳಿಗೆ ಹೋದರೆ ಬೇಕಾದ ಹಾಳೆಗಳನ್ನು ಚಾಕುವಿನಿಂದ ಕೊಯ್ದು ತರುವನೆಂಬ ಅಪವಾದವಿತ್ತು. ನಿಜವಿರಲಿ ಇಲ್ಲದಿರಲಿ, ಪುಸ್ತಕವ್ಯಸನಿಗಳೆಲ್ಲರಿಗೂ ಅಂಟುವ ಅಪವಾದವೇ ಅದು. ರೋಮಿನ ಪರವಾಗಿ ಬರೋನಿಯಸನು ಹನ್ನೆರಡು ಸಂಪುಟಗಳ ವಾರ್ಷಿಕ ಚರಿತ್ರೆಯನ್ನು 1588ರಿಂದ 1607ರವರೆಗೆ ಬರೆದು ಉತ್ತರವಿತ್ತನು.

ಇಷ್ಟೆಲ್ಲ ನಡೆದ ಮೇಲೆ, 1632ರಲ್ಲಿ, ಫ್ರಾನ್ಸಿನ ಪ್ರಾಟೆಸ್ಟೆಂಟ್ ಬೋಧಕನಾದ ಜಾನ್ ಡಾಯೇ ಎಂಬಾತನು ಪಿತೃಗಳ ಉಪಯೋಗವನ್ನು ಕುರಿತು ಒಂದು ಪುಸ್ತಕವನ್ನು ಬರೆದು, ಎರಡು ಪಕ್ಷದವರಿಗೂ ಇರುಸುಮುರುಸಾಗುವ ಮಾತೊಂದನ್ನು ಹೇಳಿದನು. ಮೊದಲ ಶತಮಾನಗಳವರು ಬರೆದುದರಲ್ಲಿ ಉಳಿದಿರುವುದೇ ಅತ್ಯಲ್ಪ. ಅದರಲ್ಲಿ ಹುಸಿಯಾದುವು ಅನೇಕ. ನಿಜವಾದುವುಗಳಲ್ಲಿಯೂ ಪಾಠಗಳು ಕೆಟ್ಟಿವೆ. ಎಲ್ಲಕ್ಕಿಂತ ಮಿಗಿಲಾಗಿ, ಅವರು ವಾದಮಾಡುತ್ತಿದ್ದುದು ತಮ್ಮ ಕಾಲದ ಜಗಳಗಳನ್ನು ಕುರಿತೇ ಹೊರತು ನಮ್ಮ ಜಗಳಗಳನ್ನು ಕುರಿತಲ್ಲ. ಇಡಿಯ ಗ್ರಂಥವನ್ನು ಪ್ರಾಮಾಣಿಕವಾಗಿ ಓದಿದವನು ಕಡೆಗೆ ಬಂದು ಮುಟ್ಟಬೇಕಾದ ಸ್ಥಳ ಇದೇ ಎಂದು ನನ್ನ ಭಾವನೆ. ಆದರೆ ಆ ಸ್ಥಳದಲ್ಲಿ ನಿಲ್ಲಬಲ್ಲವರು ಕೆಲವರೇ. ಅದೇ ಕಾಲದ ಕ್ಯಾಥೊಲಿಕ್ ಬಿಷಪ್ ಕಾರ್ನೀಲಿಯಸ್ ಯಾನ್ಸೆನ್ನನು ಅಗಸ್ಟೀನನನ್ನು ಆದ್ಯಂತವಾಗಿ ಹತ್ತು ಸಲ, ಪೆಲೇಜಿಯಸನ ವಿರುದ್ಧದ ಕೃತಿಗಳನ್ನು ಮೂವತ್ತು ಸಲ ಓದಿದನೆಂದು ಪ್ರಸಿದ್ಧಿ; ಆತನು ಗತಿಸಿದ ಮೇಲೆ 1640ರಲ್ಲಿ ಹೊರಬಂದ ಅವನ ಪುಸ್ತಕವನ್ನು ಪೋಪರು 1642ರಲ್ಲಿ ಖಂಡಿಸಿದರು. ಅಗಸ್ಟೀನನನ್ನು ಅತಿಯಾಗಿ ಓದುವುದು ಯಾವ ಸಭೆಯಲ್ಲಿದ್ದವನಿಗೂ ಕ್ಷೇಮವಲ್ಲವೆಂದು ತೋರುತ್ತದೆ.

ಹೇಳದೆ ಬಿಡಲಾರದ ಪ್ರಸಂಗವೊಂದು ಉಳಿದಿದೆ. ಇಟಲಿಯಿಂದ ಓಡಿಬಂದು 1547ರ ಅಂತ್ಯದಲ್ಲಿ ಇಂಗ್ಲೆಂಡನ್ನು ಸೇರಿದ ಪೀಟರ್ ಮಾರ್ಟರ್ ವರ್ಮಿಲಿ ಎಂಬ ಸುಧಾರಕನು, ಕ್ರಿಸಾಸ್ಟಮನು ಸೀಸೇರಿಯಸ್ ಎಂಬ ಸಂನ್ಯಾಸಿಗೆ ಬರೆದುದೆನ್ನಲಾದ ಪತ್ರವೊಂದರ ಲ್ಯಾಟಿನ್ ಪ್ರತಿಯನ್ನು ಫ್ಲಾರೆನ್ಸಿನಲ್ಲಿ ಕಂಡು, ನಕಲನ್ನು ತಂದು ಆರ್ಚ್‌ಬಿಷಪ್ ಕ್ರ್ಯಾನ್ಮರನಿಗೆ ಕೊಟ್ಟಿದ್ದನು. ಮಂತ್ರಿಸಿದ ಮೇಲೆ ರೊಟ್ಟಿಗೆ ಪ್ರಭುವಿನ ಶರೀರವೆಂಬ ಹೆಸರು ಬರುತ್ತದೆ, ಆದರೂ ರೊಟ್ಟಿಯ ಸ್ವಭಾವವು ಅದರಲ್ಲಿ ಉಳಿದೇ ಇರುತ್ತದೆ ಎಂಬ ಅಭಿಪ್ರಾಯ ಆ ಪತ್ರದಲ್ಲಿದ್ದುದರಿಂದ ಅದು ಸುಧಾರಕರ ಪಾಲಿಗೆ ಅಮೂಲ್ಯವಾಯಿತು. ಮೇರಿ ರಾಣಿಯ ಕಾಲದಲ್ಲಿ ಕ್ರ್ಯಾನ್ಮರನ ಗ್ರಂಥಭಂಡಾರವು ಚದರಿಹೋಯಿತು. 1556ರಲ್ಲಿ ಅವನನ್ನು ಸುಟ್ಟರು. ಪತ್ರದ ನಕಲು ಕಣ್ಮರೆಯಾಯಿತು. ಪೀಟರ್ ಮಾರ್ಟರನು ಅದನ್ನು ತಾನೇ ಸೃಷ್ಟಿಸಿದನೆಂದು ಪ್ರತಿಪಕ್ಷದವರು ನೂರಕ್ಕೂ ಹೆಚ್ಚು ವರ್ಷ ಹೇಳುತ್ತಾ ಬಂದರು. ಕಡೆಗೆ ಎಮೆರಿ ಬಿಗೊ ಎಂಬ ಕ್ಯಾಥೊಲಿಕ್ ವಿದ್ವಾಂಸನೇ ಫ್ಲಾರೆನ್ಸಿನ ಹಸ್ತಪ್ರತಿಯನ್ನು ಮತ್ತೆ ಕಂಡುಹಿಡಿದು, 1680ರಲ್ಲಿ ಪ್ಯಾರಿಸ್ಸಿನಲ್ಲಿ ತಾನು ಪ್ರಕಟಿಸುತ್ತಿದ್ದ ಕ್ರಿಸಾಸ್ಟಮನ ಜೀವನಚರಿತ್ರೆಯ ಜೊತೆಯಲ್ಲಿ ಪ್ರಾಮಾಣಿಕವಾಗಿ ಅಚ್ಚುಹಾಕಿಸಿದನು. ಸೊರ್ಬಾನಿನ ಪಂಡಿತರು ಆ ಹಾಳೆಗಳನ್ನು ಪುಸ್ತಕದಿಂದ ಕತ್ತರಿಸಿ ತೆಗೆಸಿದರು. ಕತ್ತರಿಸಿದ ಹಾಳೆಗಳ ಒಂದು ಪ್ರತಿ ಹೇಗೋ ಆಂಗ್ಲ ಪಾದ್ರಿ ವಿಲಿಯಮ್ ವೇಕನ ಕೈಸೇರಿತು. 1686ರಲ್ಲಿ ಆತನು ಪತ್ರವನ್ನೂ ಅದನ್ನು ಕತ್ತರಿಸಿದ ಕಥೆಯನ್ನೂ ಒಟ್ಟಿಗೆ ಪ್ರಕಟಿಸಿ, ಪೀಟರ್ ಮಾರ್ಟರನ ಮೇಲಿದ್ದ ಕಳಂಕವನ್ನು ತೊಳೆದನು. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಆ ಪತ್ರವು ಕ್ರಿಸಾಸ್ಟಮನದಲ್ಲವೆನ್ನುತ್ತಾರೆ.